ತಲೆಗೊಂದು ಓಮೆರ್

ಶಹಾಪುರದ ಕಾಳಿನ ಪೇಟೆಯಲ್ಲಿ ಮರಿಲಿಂಗಪ್ಪನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಇದ್ದರೂ, ಅದು ತನಗೆ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕಸುಬಿನಿಂದ ಅವನು ಅಳತೆಗಾರ. ರೈತರು ಗಾಡಿ ಕಟ್ಟಿಕೊಂಡು ತಂದ ಜೋಳ, ತೊಗರಿಗಳನ್ನು ಸೇರಿನಿಂದ ಅಳೆದು ವ್ಯಾಪಾರಿಯ ಚೀಲಕ್ಕೆ ಸುರಿಯುವುದು ಅವನ ಕೆಲಸ. ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎಂದು ಕೂಗಿ, ಆಮೇಲೆ ಎರಡು, ಮೂರು ಎಂದು ರಾಗವಾಗಿ ಎಣಿಸುತ್ತ ಹೋಗುವನು. ಎಣಿಕೆ ನಡೆದಿರುವಾಗ ಅಳತೆಗಾರ ಅಂಕಿ ಬಿಟ್ಟು ಬೇರೆ ಮಾತಾಡಬಾರದು, ಆಡಿದರೆ ರಾಶಿಯ ಹುಲುಸು ಹೋಗುತ್ತದೆ ಎಂಬುದು ಪೇಟೆಯ ಕಟ್ಟು. ಮನೆಗೆ ಬೆಂಕಿ ಬಿದ್ದಿದೆ ಎಂದು ಯಾರಾದರೂ ಓಡಿಬಂದು ಹೇಳಿದರೂ ಮರಿಲಿಂಗಪ್ಪ ತಲೆಯಾಡಿಸಿ, ಆ ಚೀಲ ತುಂಬಿದ ಮೇಲೆಯೇ ಏಳುವವನು. ಹೀಗೆ ಕಟ್ಟಿಹಾಕಿದ ಮಾತನ್ನೆಲ್ಲ ಅವನು ಉಳಿದ ಹೊತ್ತಿನಲ್ಲಿ ಪೇಟೆಯ ಮೇಲೆ ಸುರಿಯುತ್ತಿದ್ದ.

ಅದು ಯುದ್ಧದ ಕಾಲ. ಹೈದರಾಬಾದಿನ ಸರಕಾರ ಲೆವಿ ಎಂಬ ಹೊಸ ಮಾತನ್ನು ಹಳ್ಳಿಹಳ್ಳಿಗೂ ಕಳಿಸಿತ್ತು. ಬೆಳೆದ ಜೋಳದಲ್ಲಿ ಮನೆಮಂದಿಯ ಊಟಕ್ಕೆಂದು ಒಂದಿಷ್ಟು ಬಿಟ್ಟು, ಉಳಿದದ್ದನ್ನು ಸರಕಾರಕ್ಕೆ ಅಳೆದು ಕೊಡಬೇಕು. ಒಂದಿಷ್ಟು ಎಂದರೆ ಎಷ್ಟು ಎಂಬುದನ್ನು ಕಂದಾಯದ ಅಧಿಕಾರಿ, ಗಿರ್ದಾವರ ವಹಾಬ ಸಾಹೇಬರು ಹೇಳುತ್ತಿದ್ದರು. ತಲೆಗೆ ದಿನಕ್ಕೆ ಅರ್ಧ ಸೇರು. ಅರ್ಧ ಸೇರು ಜೋಳದಲ್ಲಿ ಎಷ್ಟು ರೊಟ್ಟಿ ಆಗುತ್ತವೆ, ಹೊಲದಲ್ಲಿ ದುಡಿದು ಬಂದವನಿಗೆ ಎಷ್ಟು ಬೇಕು ಎಂಬ ಚರ್ಚೆ ಪೇಟೆಯಲ್ಲಿ ಬಿಸಿಲೇರುವ ಮುಂಚೆಯೇ ಶುರುವಾಗುತ್ತಿತ್ತು. ಚರ್ಚೆ ಮುಗಿದ ಮೇಲೆ ಎಲ್ಲರೂ ಮನೆಗೆ ಹೋಗಿ ತಮ್ಮ ತಮ್ಮ ಹಗೇವಿನ ಬಾಯಿಗೆ ಇನ್ನೊಂದು ಬುಟ್ಟಿ ಮಣ್ಣು ಮೆತ್ತುತ್ತಿದ್ದರು. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿ ಮುಚ್ಚಿದ ಈ ಗುಂಡಿಗಳ ಜಾಗ ಮನೆಯ ಹಿರಿಯರಿಗೆ ಮಾತ್ರ ಗೊತ್ತು.

ಇಂಥ ದಿನಗಳಲ್ಲಿ ಯಾದಗಿರಿಯ ಪಾದ್ರಿಯೊಬ್ಬರಿಗೆ ಅಳತೆಗಾರ ಬೇಕಾದ. ಪಾದ್ರಿಯ ಕಡೆಯಿಂದ ರೇಣಮ್ಮ ಎಂಬ ಹೆಂಗಸು ಊರೂರಿಗೆ ಹೋಗಿ ಕಣ್ಣಿಗೆ ಔಷಧ ಹಾಕಿ, ಅವರ ಧರ್ಮಗ್ರಂಥದ ಕಥೆ ಹೇಳಿ ಬರುತ್ತಿದ್ದಳು. ಅದರಲ್ಲೊಂದು ಕಥೆ ಎಲ್ಲ ಊರುಗಳಲ್ಲೂ ಒಂದೇ ಕಡೆ ಸಿಕ್ಕಿಕೊಳ್ಳುತ್ತಿತ್ತು. ಬಹಳ ಹಿಂದೆ ಒಬ್ಬ ರಾಜನ ಜೀತ ಬಿಟ್ಟು ಹೊರಟ ಇಬ್ರಿಯ ಜನ ಮರಳುಗಾಡಿನಲ್ಲಿ ಹಸಿದಾಗ, ದಿನಾ ಬೆಳಗ್ಗೆ ಆಕಾಶದಿಂದ ಆಹಾರ ಬೀಳುತ್ತಿತ್ತು, ತಲೆಗೆ ಒಂದು ಓಮೆರ್. ಇಲ್ಲಿಗೆ ಬಂದೊಡನೆ ರೈತರು ಕಥೆ ನಿಲ್ಲಿಸಿ, ಓಮೆರ್ ಅಂದರೆ ನಮ್ಮ ಎಷ್ಟು ಸೇರು ಎಂದು ಕೇಳುವರು. ಆಕಾಶದಿಂದ ಬಿದ್ದದ್ದರ ಬಗ್ಗೆ ಅವರಿಗೆ ಒಂದು ಚೂರೂ ಅನುಮಾನವಿಲ್ಲ. ಅಳತೆ ಮಾತ್ರ ತಿಳಿಯಬೇಕು. ಅದು ತಿಳಿಯದೆ ಅವರು ಆ ಜನರನ್ನು ಮರಳುಗಾಡಿನಿಂದ ಮುಂದಕ್ಕೆ ಹೋಗಗೊಡುತ್ತಿರಲಿಲ್ಲ.

ಹಾಗಾಗಿ ರೇಣಮ್ಮ ಶಹಾಪುರಕ್ಕೆ ಬಂದು ಕರೆದಳು. ಮರಿಲಿಂಗಪ್ಪ ತಲೆಗೆ ಪಟಗ ಬಿಗಿದು, ಸೇರನ್ನು ಧೋತರದ ತುದಿಯಲ್ಲಿ ಕಟ್ಟಿಕೊಂಡು, ಇದ್ದಿಲ ಹೊಗೆಯಿಂದ ಓಡುವ ಬಸ್ಸು ಹತ್ತಿ ಭೀಮಾ ನದಿ ದಾಟಿ ಯಾದಗಿರಿಗೆ ಹೋದ. ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಎಂದು ಕೇಳದಿದ್ದುದರಿಂದ ತಾನೇ ಮೂರು ಸಲ ಹೇಳಿದ.

ಪಾದ್ರಿ ಮಾತಾಡುತ್ತಿದ್ದ ಕನ್ನಡ ಮದುವೆಯ ಲಗ್ನಪತ್ರಿಕೆಯ ಕನ್ನಡ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳನ್ನೂ, ದವಾಖಾನೆಯಿಂದ ತಂದ, ಗೀಟು ಹಾಕಿದ ಗಾಜಿನ ಜಾಡಿಯನ್ನೂ ಇಟ್ಟುಕೊಂಡಿದ್ದರು. ಆ ಜಾಡಿ ತುಂಬಿದರೆ ಒಂದು ಲೀಟರ್. ಲೀಟರ್ ಎಂಬುದನ್ನು ಮರಿಲಿಂಗಪ್ಪ ಅಂದೇ ಮೊದಲು ಕೇಳಿದ್ದು. ಆದರೂ ಹಳೆಯ ನೆಂಟನ ಹೆಸರು ಕೇಳಿದವನಂತೆ ಹೂಂಗುಟ್ಟಿದ. ಹತ್ತು ಓಮೆರಿಗೆ ಒಂದು ಏಫಾ, ಹತ್ತು ಏಫಾಕ್ಕೆ ಒಂದು ಕೋರ್ ಎಂಬಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಏಫಾ ಎಂದರೆ ಎಷ್ಟು ಲೀಟರ್ ಎಂಬಲ್ಲಿ ಪುಸ್ತಕಗಳು ಜಗಳಕ್ಕೆ ಬಿದ್ದವು. ಒಂದು ಮೂವತ್ತಾರು ಎನ್ನುತ್ತಿತ್ತು, ಇನ್ನೊಂದು ಇಪ್ಪತ್ತೆರಡು. ಪಂಡಿತರಲ್ಲಿ ಒಮ್ಮತವಿಲ್ಲವೆಂದು ಪಾದ್ರಿ ಬೇಸರಪಟ್ಟರು.

ಮರಿಲಿಂಗಪ್ಪನಿಗೆ ಇದರಲ್ಲಿ ಬೇಸರಪಡುವಂಥದ್ದೇನೂ ಕಾಣಲಿಲ್ಲ. ಪೇಟೆಯಲ್ಲಿ ದಿನಾ ಇಂಥವು ಹತ್ತು ಬಗೆಹರಿಯುತ್ತವೆ. ಅವನು ಹೆಗಲ ಮೇಲಿನ ಟವೆಲನ್ನು ತನ್ನ ಕೈಮೇಲೆ ಹೊದಿಸಿಕೊಂಡು, ಕೆಳಗಿನಿಂದ ಕೈ ಕೊಡುವಂತೆ ಪಾದ್ರಿಗೆ ಹೇಳಿದ. ಬೆರಳು ಹಿಡಿದು ವ್ಯವಹಾರ ಕುದುರಿಸಿ ಇಪ್ಪತ್ತೊಂಬತ್ತಕ್ಕೆ ಮುಗಿಸೋಣ ಎಂಬುದು ಅವನ ಸಲಹೆ. ಪಾದ್ರಿ ಕೈ ಕೊಡಲಿಲ್ಲ. ಇತ್ತೀಚೆಗೆ ಆ ದೇಶದಲ್ಲಿ ನೆಲ ಅಗೆದು ಹಳೆಯ ಮಣ್ಣಿನ ಹರವಿಯ ಚೂರುಗಳನ್ನು ತೆಗೆದಿದ್ದಾರೆಂದೂ, ಅವುಗಳ ಪ್ರಕಾರ ಇಪ್ಪತ್ತೆರಡೇ ಸರಿಯೆಂದೂ ತೀರ್ಮಾನಿಸಿ, ಜಾಡಿಯಿಂದ ಇಪ್ಪತ್ತೆರಡು ಸಲ ಜೋಳ ಸುರಿಸಿದರು.

ಮರಿಲಿಂಗಪ್ಪ ಅದನ್ನು ತನ್ನ ಸೇರಿನಿಂದ ಗೋಪುರ ಕಟ್ಟಿ ಅಳೆದ. ಹದಿನೇಳಾಯಿತು. ಪಾದ್ರಿ ಗೀಟು ಹಾಕುವ ಕೋಲು ತಂದು ಪ್ರತಿ ಸೇರಿನ ನೆತ್ತಿಯನ್ನೂ ಸಮ ಮಾಡಿಸಿದರು. ಆಗ ಇಪ್ಪತ್ತಾಯಿತು. ನೆತ್ತಿ ಬೋಳಿಸಿದ ಸೇರಿನಿಂದ ದೇವರು ಅಳೆದು ಕೊಟ್ಟಾನೆ ಎಂಬುದನ್ನು ಮರಿಲಿಂಗಪ್ಪ ಒಪ್ಪಲಿಲ್ಲವಾದರೂ, ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಎಂದು ಗೊತ್ತಾದ ಮೇಲೆ ವಾದ ಬಿಟ್ಟ. ಓಮೆರಿಗೆ ಎರಡು ಸೇರು, ಏಫಾಕ್ಕೆ ಇಪ್ಪತ್ತು, ಕೋರಿಗೆ ಇನ್ನೂರು ಎಂದು ರೇಣಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಓಮೆರಿನ ಮುಂದೆ 'ತಲೆಗೆ ದಿನಕ್ಕೆ ಒಂದು' ಎಂದೂ ಸೇರಿಸಿದಳು. ಪಾದ್ರಿ ಕೆಳಗೆ ಇಂಗ್ಲಿಷಿನಲ್ಲಿ ಸಹಿ ಮಾಡಿ, ದುಂಡಗಿನ ಮೊಹರು ಒತ್ತಿ, ನೆನಪಿಗೆಂದು ಒಂದು ಪ್ರತಿ ಮರಿಲಿಂಗಪ್ಪನಿಗೂ ಕೊಟ್ಟರು.

ಕೊಡಬಾರದಿತ್ತು. ಆದರೆ ಪಾದ್ರಿಗೆ ಶಹಾಪುರದ ಪೇಟೆ ಎಲ್ಲಿ ಗೊತ್ತು.

ಕಾಗದಕ್ಕೆ ಚೌಕಟ್ಟು ಹಾಕಿಕೊಟ್ಟವನು ಪಕ್ಕದ ತಗಡಿನ ಅಂಗಡಿಯ ಬಾಷುಮಿಯಾ. ಯುದ್ಧದ ದೆಸೆಯಿಂದ ತಗಡು ಸಿಗುತ್ತಿರಲಿಲ್ಲ. ಇದ್ದ ತುಂಡಿನಲ್ಲಿ ಮಾಡಿದ ಚೌಕಟ್ಟು ಎರಡು ಬೆರಳು ಗಿಡ್ಡವಾಯಿತು. ಬಾಷುಮಿಯಾಗೆ ಕನ್ನಡ ಓದಲು ಬಾರದು. ಅಂಚಿನ ಒಂದು ಸಾಲು ಮಡಚಿದರೆ ಆಕಾಶ ಬೀಳುವುದಿಲ್ಲವೆಂದು ಮೇಲಿನ ಸಾಲನ್ನು ತಗಡಿನ ಒಳಗೆ ಸೇರಿಸಿ ಸುತ್ತಿಗೆಯಿಂದ ಬಡಿದ. 'ಪೂರ್ವಕಾಲದ ಇಬ್ರಿಯರ ಅಳತೆಗಳು' ಎಂಬುದು ಆ ಸಾಲು. ಉಳಿದದ್ದು ಅಳತೆ, ಸಹಿ ಮತ್ತು ಮೊಹರು. ಮರಿಲಿಂಗಪ್ಪ ಅದನ್ನು ತಾನು ಅಳೆಯಲು ಕೂಡುವ ಜಾಗದ ಹಿಂದಿನ ಕಂಬಕ್ಕೆ ತೂಗುಹಾಕಿದ.

ಮರುದಿನ ಸಗರದ ಭಾಗಣ್ಣ ಜೋಳ ತಂದ. ನಾಲ್ಕಕ್ಷರ ಬಲ್ಲ ರೈತ, ಊರಿಗೆಲ್ಲ ಸುದ್ದಿ ಹಂಚುವವನೂ ಹೌದು. ಮರಿಲಿಂಗಪ್ಪ ಮೂವತ್ತನಾಲ್ಕನೆಯ ಸೇರಿನಲ್ಲಿದ್ದಾಗ ಅವನು ಕಂಬದ ಕಾಗದವನ್ನು ಕೂಡಿಸಿ ಕೂಡಿಸಿ ಓದಿ, ಇನ್ನು ಮೇಲೆ ಸರಕಾರ ತಲೆಗೆ ದಿನಕ್ಕೆ ಎರಡು ಸೇರು ಬಿಡುತ್ತದೋ ಎಂದು ಕೇಳಿದ. ಎಣಿಕೆಯ ನಡುವೆ ಮಾತಾಡುವಂತಿಲ್ಲ. ತಡೆ, ಹೇಳುತ್ತೇನೆ ಎಂಬ ಅರ್ಥದಲ್ಲಿ ಮರಿಲಿಂಗಪ್ಪ ತಲೆಯಾಡಿಸಿದ. ಎಣಿಕೆ ಮುಗಿಯುವಷ್ಟರಲ್ಲಿ ಭಾಗಣ್ಣ ಪಕ್ಕದ ಹೋಟೆಲಿನಿಂದ ಅವನಿಗೆ ಚಹಾ ತರಿಸಿದ್ದ. ಚಹಾ ಕುಡಿದು ಹೇಳೋಣವೆಂದು ಮರಿಲಿಂಗಪ್ಪ ಬಸಿ ತುಟಿಗಿಟ್ಟ. ಬಸಿ ಕೆಳಗಿಡುವಷ್ಟರಲ್ಲಿ ಭಾಗಣ್ಣ ಪೇಟೆಯ ಆ ತುದಿಯಲ್ಲಿದ್ದ, ಸುದ್ದಿ ಅವನಿಗಿಂತ ಇನ್ನೂ ಮುಂದೆ ಇತ್ತು.

ಮೂರೇ ದಿನಗಳಲ್ಲಿ ಓಮೆರ್ ಶಹಾಪುರದ ಮಾತಾಯಿತು. ಕಾಗದಕ್ಕೆ ಹೈದರಾಬಾದಿನ ಮೊಹರಲ್ಲ, ಅದಕ್ಕಿಂತ ಮೇಲಿನ, ಬಿಳಿಯರ ಮೊಹರು ಬಿದ್ದಿದೆ ಎಂದು ಜನ ಗೌರವದಿಂದ ನೋಡಿಹೋದರು. ಓಮೆರ್ ಪೇಟೆಯಲ್ಲಿ ಎರಡು ಸೇರು ಇದ್ದದ್ದು ಗೋಗಿ ಹಳ್ಳಿ ಮುಟ್ಟುವಷ್ಟರಲ್ಲಿ ಮೂರಾಗಿ, ಸುರಪುರದ ಹಾದಿಯಲ್ಲಿ ನಾಲ್ಕಾಯಿತು. ಬಾಷುಮಿಯಾ ಇದ್ದಬದ್ದ ತಗಡಿನಿಂದ ಎರಡು ಸೇರು ಹಿಡಿಯುವ ಹೊಸ ಅಳತೆಯ ಡಬ್ಬಿ ಮಾಡತೊಡಗಿದ. ಮೊದಲನೆಯದು ಸೊಟ್ಟಗಾದ್ದರಿಂದ ಅವನ ಹೆಂಡತಿ ಖುರ್ಷೀದಬೇಗಂ ಅದರಲ್ಲಿ ಕೋಳಿಗಳಿಗೆ ನೀರಿಟ್ಟಳು. ಶಹಾಪುರದಲ್ಲಿ ಓಮೆರಿನಿಂದ ಏನಾದರೂ ಲಾಭ ಪಡೆದವು ಎಂದರೆ ಆ ಕೋಳಿಗಳೇ.

ವಡಗೇರಾದಿಂದ ಮರಿಲಿಂಗಪ್ಪನ ಭಾವಮೈದುನ ಹಣಮಂತ್ರಾಯ ತನ್ನ ಮನೆಯ ತಲೆಗಳ ಪಟ್ಟಿ ಹಿಡಿದುಕೊಂಡು ಬಂದ. ಪಟ್ಟಿಯಲ್ಲಿ ಹದಿನಾಲ್ಕು ತಲೆಗಳಿದ್ದವು. ಅವುಗಳಲ್ಲಿ ಒಂದು ಆರು ವರ್ಷದ ಹಿಂದೆ ತೀರಿಕೊಂಡ ತಂದೆಯದು, ಹಬ್ಬಕ್ಕೆ ಎಡೆ ಇಡಬೇಕಲ್ಲ ಎಂದು. ಒಂದು ಸೊಸೆಯ ಹೊಟ್ಟೆಯಲ್ಲಿದ್ದದ್ದು. ಎರಡು ಎತ್ತಿನವು. ಎತ್ತುಗಳನ್ನು ಯಾಕೆ ಬರೆಸಿದೆಯೆಂದು ಕೇಳಿದರೆ, ಕಾಗದದಲ್ಲಿ ತಲೆಗೆ ಎಂದಿದೆಯೇ ಹೊರತು ಮನುಷ್ಯನ ತಲೆಗೆ ಎಂದಿಲ್ಲವೆಂದು ವಾದಿಸಿದ. ಮರಿಲಿಂಗಪ್ಪ ಗಂಭೀರವಾಗಿ ಯೋಚಿಸಿ ಎತ್ತುಗಳನ್ನು ತೆಗೆಸಿದ. ಹೀಗೆ ತೆಗೆಸುವುದರಲ್ಲೂ ಒಂದು ಸುಖವಿತ್ತು. ಹುಟ್ಟಿದಾಗಿನಿಂದ ಅವನ ಮಾತನ್ನು ಯಾರೂ ಹೀಗೆ ಕಾದು ಕೇಳಿರಲಿಲ್ಲ.

ಹೆಂಡತಿ ಮಲ್ಲಿಕಮ್ಮ ಮಾತ್ರ ಕೇಳಲಿಲ್ಲ. ದಿನಕ್ಕೆ ಎರಡು ಸೇರು ತಿನ್ನುವ ಗಂಡಸನ್ನು ಕಟ್ಟಿಕೊಂಡಿದ್ದರೆ ತಾನು ರೊಟ್ಟಿ ಬಡಿದೇ ಸಾಯುತ್ತಿದ್ದೆನೆಂದು ಹೇಳಿ, ನೇರವಾಗಿ ಮಾತಿಗೆ ಬಂದಳು.

"ಅದು ಸರಕಾರದ ಕಾಗದ ಅಲ್ಲಂತ ಮಂದಿಗಿ ಹೇಳೀರೇನು?"

ನಾಳೆ ಹೇಳುತ್ತೇನೆಂದ. ಮರುದಿನ ಕೇಳಿದಾಗಲೂ ಅದನ್ನೇ ಹೇಳಿದ.

ಹೇಳಲು ಒಳ್ಳೆಯ ಅವಕಾಶವನ್ನು ಸ್ವತಃ ಗಿರ್ದಾವರ ವಹಾಬ ಸಾಹೇಬರೇ ತಂದುಕೊಟ್ಟರು. ನಲವತ್ತು ಮನೆಯವರು ಓಮೆರಿನ ಪ್ರಕಾರ ಲೆವಿ ಕಡಿಮೆ ಮಾಡಬೇಕೆಂದು ಅವರಿಗೆ ಅರ್ಜಿ ಕೊಟ್ಟಿದ್ದರು. ಓಮೆರ್ ಎಂದರೇನೆಂದು ವಹಾಬ ಸಾಹೇಬರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ರೈತರ ಮುಂದೆ ಹೇಳುವಂತಿರಲಿಲ್ಲ. ತಾಲೂಕು ಕಚೇರಿಗೆ ಬರೆದರು. ತಾಲೂಕು ಕಚೇರಿಯವರೂ ಅದೇ ತೊಂದರೆಯಲ್ಲಿದ್ದುದರಿಂದ, ಸದರಿ ಓಮೆರ್ ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರಿಸಿ ಗುಲಬರ್ಗಾಕ್ಕೆ ಬರೆದರು. ಪರಿಶೀಲನೆಯಲ್ಲಿದೆ ಎಂದಮೇಲೆ ಅದು ಇದೆ ಎಂದಾಯಿತು. ವಹಾಬ ಸಾಹೇಬರು ಪೇಟೆಗೆ ಬಂದು ಕಂಬದ ಕಾಗದದ ಮೊಹರನ್ನು ಕನ್ನಡಕದ ಒಳಗಿನಿಂದಲೂ ಮೇಲಿನಿಂದಲೂ ನೋಡಿದರು. "ಮರಿಲಿಂಗಪ್ಪಸಾಬ್, ಇದು ಪಕ್ಕಾ ಏನ್ರಿ?" ಎಂದು ಕೇಳಿದರು. ಹದಿನೈದು ವರ್ಷ ಏ ಮರಿಲಿಂಗ್ಯಾ ಎಂದು ಕರೆದ ಬಾಯಿ ಅದು. ಆ 'ಸಾಬ್' ಎಂಬುದು ಮರಿಲಿಂಗಪ್ಪನ ಕಿವಿಯಲ್ಲಿ ಇಳಿದು ಹೊಟ್ಟೆಯವರೆಗೂ ಹೋಯಿತು. ಅಳತೆಯೇನೋ ಪಕ್ಕಾ ಇದೆ, ತಾನೇ ನಿಂತು ಅಳೆದದ್ದು ಎಂದು ಉತ್ತರ ಕೊಟ್ಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಂಥ ಸುಳ್ಳಿಲ್ಲದ ಮಾತುಗಳಿಂದಲೇ ಎಷ್ಟು ಮನೆಗಳು ಹಾಳಾಗಿವೆಯೋ.

ಮರುದಿನ ಭೀಮವ್ವ ಬಂದಳು.

ಭೀಮವ್ವ ಅವನ ಓಣಿಯ ಹಿರಿಯಳು, ಎಪ್ಪತ್ತು ದಾಟಿದವಳು. ಮೊಮ್ಮಗಳು ಮಲ್ಲಾಬಾಯಿಯನ್ನು ಸುರಪುರದ ಒಂದು ಮನೆಗೆ ಕೊಡುವುದೆಂದು ಮಾತಾಗಿ, ಬೇಸಿಗೆಗೆ ಮದುವೆ ನಿಂತಿತ್ತು. ಎರಡೂ ಕಡೆಯ ಬೀಗರಿಗೆ ಮೂರು ದಿನ ಊಟ ಹಾಕಬೇಕು. ಆ ಬರಗೆಟ್ಟ ಕಾಲದಲ್ಲಿ ಪೇಟೆಯಲ್ಲಿ ಜೋಳ ಕೊಳ್ಳಲು ಸಿಗುತ್ತಿರಲಿಲ್ಲ. ಆದರೆ ಭೀಮವ್ವನ ದನದ ಕೊಟ್ಟಿಗೆಯ ಕೆಳಗೆ ಒಂದು ಹಗೇವಿತ್ತು. ಎರಡು ವರ್ಷದ ಹಿಂದಿನ ಒಳ್ಳೆಯ ಬೆಳೆಯ ಜೋಳ, ಮದುವೆಗೆಂದೇ ಮುಚ್ಚಿಟ್ಟದ್ದು. ಅದನ್ನು ಲೆಕ್ಕಕ್ಕೆ ಹೇಳಿರಲಿಲ್ಲ. ಹೇಳದ ಜೋಳದಿಂದ ಊರಿಗೆ ಊಟ ಹಾಕಿದರೆ ಎಲ್ಲಿಂದ ಬಂತೆಂದು ಗಿರ್ದಾವರ ಕೇಳದೆ ಬಿಡುವನೇ? ಈ ಚಿಂತೆಯಲ್ಲಿ ಮುದುಕಿ ಬಡವಾಗಿದ್ದಳು. ಈಗ ಓಮೆರ್ ಬಂದಿತ್ತು. ಮನೆಯಲ್ಲಿ ಆರು ತಲೆ. ಓಮೆರಿನ ಪ್ರಕಾರ ಹಿಡಿದರೆ ಹಗೇವಿನ ಜೋಳವೆಲ್ಲ ಅವಳದೇ ಆಗಿ, ಸರಕಾರವೇ ಇನ್ನಷ್ಟು ತಂದು ಸುರಿಯಬೇಕಾಗುತ್ತಿತ್ತು. ರಾಜಾರೋಷವಾಗಿ ಹೇಳಿ, ರಾಜಾರೋಷವಾಗಿ ಮದುವೆ ಮಾಡಬಹುದು.

ಅವಳು ಬಂದಾಗ ಮರಿಲಿಂಗಪ್ಪ ಎಣಿಸುತ್ತಿರಲಿಲ್ಲ. ಅವನ ಬಾಯಿಗೆ ಯಾವ ಕಟ್ಟೂ ಇರಲಿಲ್ಲ. ಸುತ್ತ ಎಂಟು ಹತ್ತು ಮಂದಿ ಕುಳಿತು ಅವನ ಮಾತು ಕೇಳುತ್ತಿದ್ದರು, ಅಷ್ಟೆ.

"ತಮ್ಮಾ, ಮಂದಿ ಮಾತು ನನಗ ಬ್ಯಾಡ" ಎಂದಳು ಭೀಮವ್ವ. "ನಿಮ್ಮಪ್ಪ ಅಳಿಯೋ ಕಾಲದಿಂದ ನಾ ಈ ಪ್ಯಾಟಿಗಿ ಬಂದೀನಿ. ನೀ ಹೇಳು. ಹಗೇವು ತೆರಿಸಿ ಗಿರ್ದಾವರಗ ಹೇಳಲೇನು?"

ಮರಿಲಿಂಗಪ್ಪ ಒಂದು ಸಲ ಅವಳನ್ನು ನೋಡಿದ, ಒಂದು ಸಲ ಕುಳಿತವರನ್ನು ನೋಡಿದ. ಇದು ಎಲ್ಲಿಯದೋ ಹಳೆಯ ಕಾಲದ ಅಳತೆ ಯವ್ವಾ, ನಿನಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ಒಂದು ಸೇರು ಸುರಿಯುವಷ್ಟು ಹೊತ್ತೂ ಬೇಡ.

"ಹೇಳು ಯವ್ವಾ" ಎಂದ. "ಕಾಗದದಾಗ ಬರದದ."

ಗುಲಬರ್ಗಾದಿಂದ ಉತ್ತರ ಒಂಬತ್ತನೆಯ ದಿನ ಬಂತು. ಓಮೆರ್ ಎಂಬ ಅಳತೆ ಸರಕಾರದ ಯಾವ ದಫ್ತರದಲ್ಲೂ ಇಲ್ಲ, ಇಂಥ ಗಾಳಿಸುದ್ದಿಗೆ ಅರ್ಜಿ ತೆಗೆದುಕೊಂಡ ಗಿರ್ದಾವರನಿಂದ ಜವಾಬು ಕೇಳಬೇಕು ಎಂದಿತ್ತು. ವಹಾಬ ಸಾಹೇಬರು ಯಾದಗಿರಿಗೆ ಹೋಗಿ ಪಾದ್ರಿಯನ್ನು ಕಂಡರು. ಪಾದ್ರಿ ಸಂತೋಷದಿಂದ ಅವರನ್ನು ಕೂಡಿಸಿ, ಇಬ್ರಿಯರ ಸಂಗತಿಯನ್ನೆಲ್ಲ ಮೊದಲಿನಿಂದ ಹೇಳಿ, ಜಾಡಿಯನ್ನೂ ತೋರಿಸಿದರು. ವಹಾಬ ಸಾಹೇಬರು ತಿರುಗಿ ಬರುವಾಗ ಬಸ್ಸಿನ ಹೊಗೆ ಅವರ ಕಿವಿಯಿಂದಲೇ ಬರುತ್ತಿತ್ತೆಂದು ನೋಡಿದವರು ಹೇಳುತ್ತಾರೆ. ಪೇಟೆಗೆ ಬಂದವರೇ ಕಂಬದ ಕಾಗದ ಕಿತ್ತು, ತಗಡು ಬಿಚ್ಚಿಸಿ, ಒಳಗೆ ಮಡಚಿದ ಸಾಲನ್ನು ಭಾಗಣ್ಣನಿಂದ ಗಟ್ಟಿಯಾಗಿ ಓದಿಸಿದರು. ನಲವತ್ತು ಅರ್ಜಿದಾರರೂ ಆ ಕ್ಷಣವೇ, ತಮಗೆ ಮೊದಲೇ ಅನುಮಾನವಿತ್ತೆಂದರು.

ಅವರು ಹೇಳಿದ್ದು ಖರೆಯೇ. ಅರ್ಜಿ ಕೊಟ್ಟವರು ನಲವತ್ತು ಮಂದಿ, ತಲೆಗಳ ಪಟ್ಟಿ ಬರೆಸಿದವರು ನಲವತ್ತು ಮಂದಿ. ಆದರೆ ತಮ್ಮ ಹಗೇವು ಇಲ್ಲಿದೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಹಣಮಂತ್ರಾಯ ಸತ್ತ ತಂದೆಯನ್ನು ಲೆಕ್ಕಕ್ಕೆ ತಂದನೇ ಹೊರತು ಒಂದು ಕಾಳು ಜೋಳವನ್ನೂ ತರಲಿಲ್ಲ. ಹೋಗಿ ಹೇಳಿ, ಜಾಗ ತೋರಿಸಿ ಬಂದವಳು ಭೀಮವ್ವ ಒಬ್ಬಳೇ. ನಂಬಿದವಳು ಅವಳೊಬ್ಬಳೇ.

ಬಚ್ಚಿಟ್ಟ ಜೋಳವೆಂದು ಹಗೇವನ್ನು ಪೂರ್ತಿ ಜಪ್ತಿ ಮಾಡುವ ಹುಕುಮಾಯಿತು. ಅಳೆಯಲು ಮರಿಲಿಂಗಪ್ಪನೇ ಬರಬೇಕೆಂದು ವಹಾಬ ಸಾಹೇಬರು ಹೇಳಿಕಳಿಸಿದರು. ಅದು ಅವನಿಗೆ ಕೊಟ್ಟ ಶಿಕ್ಷೆಯೋ, ಊರಿನಲ್ಲಿ ಬೇರೆ ಅಳತೆಗಾರನಿಲ್ಲದ್ದಕ್ಕೋ ಗೊತ್ತಿಲ್ಲ. ಕೊಟ್ಟಿಗೆಯಿಂದ ದನ ಹೊರಗೆ ಕಟ್ಟಿ, ಮಣ್ಣು ತೆಗೆದು, ಒಳಗಿನ ಕಾವು ಹೋಗುವವರೆಗೆ ಎಲ್ಲರೂ ಕಾದು ಕುಳಿತರು. ಆಳುಗಳು ಬುಟ್ಟಿಯಲ್ಲಿ ಮೇಲಕ್ಕೆ ಕೊಟ್ಟ ಜೋಳ ಮುತ್ತಿನ ಹಾಗಿತ್ತು, ಒಂದು ಕಾಳೂ ಹುಳ ಹಿಡಿದಿರಲಿಲ್ಲ. ಮರಿಲಿಂಗಪ್ಪ ಮೊದಲ ಸೇರು ತುಂಬಿದ. ಬಾಯಲ್ಲಿ 'ಲಾಭ' ಬರಲಿಲ್ಲ. ಒಂದು ಎಂದ. ಗೋಡೆಗೆ ಆತು ನಿಂತಿದ್ದ ಮಲ್ಲಾಬಾಯಿ ಒಳಗೆ ಹೋದಳು. ಸಾವಿರದ ನಾನೂರು ಸೇರು ಮುಗಿಯುವವರೆಗೆ ಅವನು ಅಂಕಿ ಬಿಟ್ಟು ಬೇರೆ ಮಾತಾಡಬೇಕಾಗಿರಲಿಲ್ಲ. ಆ ಕಟ್ಟಿಗಾಗಿ ಅವನು ಅಂದು ದೇವರಿಗೆ ಕೈಮುಗಿದ.

ಹದಿನೈದು ದಿನಕ್ಕೆ ಸುರಪುರದವರು ಹೇಳಿಕಳಿಸಿದರು. ಊಟದ ಮಾತಲ್ಲ, ಆದರೆ ಜಪ್ತಿಯಾದ ಮನೆಯ ಬೀಗತನ ತಮಗೆ ಬೇಡ ಎಂಬುದು ಅವರ ಮಾತಿನ ತಾತ್ಪರ್ಯ. ಆ ಬೇಸಿಗೆಯಲ್ಲೇ ಬೇರೆ ಕಡೆಯ ಹುಡುಗಿಯನ್ನು ತಂದುಕೊಂಡರು. ಮರಿಲಿಂಗಪ್ಪ ತನ್ನ ಮನೆಯಲ್ಲಿದ್ದ ಜೋಳದಲ್ಲಿ ಅರ್ಧ ಚೀಲ ಹೊತ್ತುಕೊಂಡು ಹೋಗಿ ಭೀಮವ್ವನ ಕಟ್ಟೆಯ ಮೇಲಿಟ್ಟು ಬಂದ. ಅದು ಮರುದಿನ ಬೆಳಗ್ಗೆ ಇವನ ಕಟ್ಟೆಯ ಮೇಲಿತ್ತು. ಮಲ್ಲಿಕಮ್ಮ ಅದನ್ನು ಒಳಗೆ ಎಳೆದುಕೊಂಡಳು. ಅವಳು ಏನೂ ಅನ್ನದಿದ್ದ ದಿನ ಮರಿಲಿಂಗಪ್ಪನ ಸಂಸಾರದಲ್ಲಿ ಅದೊಂದೇ.

ಕೊನೆಗೆ ಒಂದು ದಿನ ಮಧ್ಯಾಹ್ನ ಅವನೇ ಹೋದ. ಭೀಮವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನ ನೆರಳು ಮೊರದ ಮೇಲೆ ಬಿದ್ದರೂ ಕೈ ನಿಲ್ಲಿಸಲಿಲ್ಲ. ಅವನು ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ಯವ್ವಾ, ಆ ಕಾಗದ ಸರಕಾರದ್ದಲ್ಲ. ನೀ ಕೇಳಾಕ ಬಂದ ದಿನಾನೂ ನನಗ ಗೊತ್ತಿತ್ತು."

ಮುದುಕಿ ಕಲ್ಲೊಂದನ್ನು ಆರಿಸಿ ಆಚೆ ಎಸೆದಳು. "ಮತ್ತ ಯಾರದದು?"

ಅವನು ಹೇಳಿದ. ರಾಜನ ಜೀತ ಬಿಟ್ಟು ಹೊರಟ ಜನ, ಮರಳುಗಾಡು, ಹಸಿವು, ಬೆಳಗ್ಗೆ ಎದ್ದರೆ ಇಬ್ಬನಿಯ ಜೊತೆ ನೆಲದ ಮೇಲೆ ಬಿದ್ದಿರುತ್ತಿದ್ದ ಆಹಾರ, ತಲೆಗೆ ಒಂದು ಓಮೆರ್. ರೇಣಮ್ಮನಿಗಿಂತ ಚೆನ್ನಾಗಿಯೇ ಹೇಳಿದ. ಭೀಮವ್ವ ಮೊರ ಕೇರುತ್ತಲೇ ಕೇಳಿದಳು.

"ಖರೇನ ಸಿಕ್ಕಿತ್ತೇನು ಅವರಿಗಿ?"

"ಸಿಕ್ಕಿತ್ತಂತ ಯವ್ವಾ."

"ಎಷ್ಟು ದಿನ?"

"ನಲವತ್ತು ವರ್ಷ."

"ಯಾರಿಗೂ ಕಡಿಮಿ ಬೀಳಲಾರ್ದ?"

"ಯಾರಿಗೂ ಕಡಿಮಿ ಬೀಳಲಿಲ್ಲಂತ."

ಭೀಮವ್ವ ಇನ್ನೊಂದು ಕಲ್ಲು ಆರಿಸಿ ಎಸೆದಳು. "ಅಲ್ಲಿ ಅಳತಿಗಾರ ಯಾರಿದ್ದ?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ಅವನೂ ಯಾದಗಿರಿಯಲ್ಲಿ ಊಟಕ್ಕೆ ಕೂತಾಗ, ಕಸುಬಿನ ಅಭಿಮಾನದಿಂದ ಪಾದ್ರಿಯನ್ನು ಕೇಳಿದ್ದ. ಪಾದ್ರಿ ಹೇಳಿದ ಉತ್ತರ ಅಂದು ಅವನಿಗೆ ರುಚಿಸಿರಲಿಲ್ಲ.

"ಯಾರೂ ಇದ್ದಿಲ್ಲ ಯವ್ವಾ. ಅವರವರದು ಅವರೇ ಅಳಕೋತಿದ್ರಂತ."

ಭೀಮವ್ವನ ಕೈ ಆಗ ನಿಂತಿತು. ಆ ದಿನ ಮೊದಲ ಸಲ ಅವನ ಮುಖ ನೋಡಿದಳು.

"ಅದಕ್ಕೇ ಸಿಕ್ಕಿತ್ತು ಬಿಡು" ಎಂದಳು.

ಮತ್ತೆ ಮೊರ ಕೇರತೊಡಗಿದಳು. ಮರಿಲಿಂಗಪ್ಪ ಇನ್ನೂ ಬಹಳ ಹೊತ್ತು ಆ ಮೆಟ್ಟಿಲ ಮೇಲೆಯೇ ಕುಳಿತಿದ್ದ. ಬೈದಿದ್ದರೆ ಎದ್ದು ಹೋಗಬಹುದಾಗಿತ್ತು.